ಆರನೇ ಕಪಾಟು

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಶೈಲಾ ಹಳೆ ಕಟ್ಟಡದ ಬೀಗ ತೆಗೆದಾಗ ಘಟಪ್ರಭೆಯ ನೀರು ಹಿಂದಿನ ಕಾಂಪೌಂಡಿನಿಂದ ನೂರು ಹೆಜ್ಜೆ ಆಚೆಗಿತ್ತು. ಹತ್ತೂವರೆಗೆ ಅದು ಕಾಂಪೌಂಡಿನ ಬುಡ ಮುಟ್ಟಿತು. ಹಿಡಕಲ್ ಆಣೆಕಟ್ಟಿನಿಂದ ಇನ್ನೂ ನೀರು ಬಿಡುತ್ತಿದ್ದಾರೆ, ಯಾದವಾಡ ರಸ್ತೆಯ ಸೇತುವೆ ಮುಳುಗಿದೆ, ಹೊಳೆಸಾಲಿನವರು ಮನೆ ಬಿಡಬೇಕು ಎಂದು ಜೀಪೊಂದು ಮೈಕಿನಲ್ಲಿ ಕೂಗುತ್ತ ಮುಧೋಳದ ಓಣಿ ಓಣಿ ಸುತ್ತುತ್ತಿತ್ತು.

ಆ ಕಟ್ಟಡ ಘಟಪ್ರಭಾ ವಿಶ್ವವಿದ್ಯಾಲಯದ ಮೊದಲ ಮನೆ. ಜಮಖಂಡಿ ರಸ್ತೆಯ ಎತ್ತರದ ಜಾಗದಲ್ಲಿ ಹೊಸ ಕಟ್ಟಡಗಳೆದ್ದ ಮೇಲೆ ಕುಲಪತಿಗಳು, ವಿಭಾಗಗಳು, ಹುಡುಗರು ಎಲ್ಲರೂ ಅಲ್ಲಿಗೆ ಹೋದರು. ಹಳೆ ಕಾಗದಪತ್ರಗಳು ಮಾತ್ರ ಇಲ್ಲೇ ಉಳಿದವು. ಏಳು ದೊಡ್ಡ ಕಬ್ಬಿಣದ ಕಪಾಟುಗಳಲ್ಲಿ ಸುಮಾರು ಐವತ್ತು ವರ್ಷಗಳ ಸಭೆಯ ನಡಾವಳಿ, ಅಂಕಗಳ ಲೆಡ್ಜರು, ಪ್ರವೇಶದ ರಜಿಸ್ಟರು, ವಿಚಾರಣೆಯ ಕಡತಗಳು. ಅವುಗಳನ್ನು ಕಾಯಲು ಶೈಲಾ. ಲೋಕಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಆಕೆಗೆ ನಲವತ್ತೊಂದು ವರ್ಷ. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ದಾಖಲೆ ಸಹಾಯಕಿ. ಬರುವ ವರ್ಷ ಸುವರ್ಣ ಮಹೋತ್ಸವ. ಅದಕ್ಕೆಂದು ವಿಶ್ವವಿದ್ಯಾಲಯದ ಇತಿಹಾಸದ ಗ್ರಂಥವೊಂದು ತಯಾರಾಗುತ್ತಿತ್ತು. ಯಾವ ಕಾಗದ ಎಲ್ಲಿದೆ ಎಂದು ಗ್ರಂಥ ಬರೆಯುವವರು ಕೇಳುವುದು ಇವಳನ್ನೇ.

ಹನ್ನೊಂದಕ್ಕೆ ಕುಲಸಚಿವ ಚನಮಲ್ಲಪ್ಪ ಜೀಪಿನಲ್ಲಿ ಬಂದಿಳಿದರು. ಹಿಂದೆಯೇ ಲಗಮಪ್ಪನ ಟ್ರ್ಯಾಕ್ಟರು, ಖಾಲಿ ಟ್ರೇಲರು. ಚನಮಲ್ಲಪ್ಪನವರು ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕಪಾಟುಗಳನ್ನೆಲ್ಲ ಒಮ್ಮೆ ನೋಡಿದರು.

"ಶೈಲಾ ಅವರ, ಮೊದಲಿಗಿ ಜಾಗಾದ ಕಾಗದ, ಸಿಂಡಿಕೇಟಿನ ನಡಾವಳಿ, ಆಮ್ಯಾಲ ಫೋಟೋ. ಎರಡನೇ ಖೇಪಿಗೆ ಅಂಕದ ಲೆಡ್ಜರು."

"ಆರನೇದ್ರಿ ಸರ್?"

"ಆರನೇದ ಬಿಡ್ರಿ. ಹಳೇ ಜಗಳದ ಕಾಗದ ಅವು. ಯಾರಿಗೆ ಬೇಕಾಗ್ಯಾವ?"

"ಮೂರನೇ ಖೇಪಿಗೆ ಒಯ್ಯಬಹುದಲ್ಲರಿ. ಟ್ರ್ಯಾಕ್ಟರ್ ಹೆಂಗೂ ಐತಿ."

ಚನಮಲ್ಲಪ್ಪ ಆಕೆಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಹೊಳಿ ಹೆಂಗ ಬರಾಕತ್ತೈತಿ ಕಾಣವಲ್ದೇನ್ರಿ? ಒಬ್ಬ ಡ್ರೈವರನ ಜೀವಾ ಹೋದ್ರ ಜವಾಬ್ದಾರಿ ಯಾರು? ಹೊಳಿಗಿ ಹೋತು ಅಂತ ಬರದ್ರಾತು. ಸರಕಾರದವರೂ ಒಪ್ತಾರ."

ಆರನೇ ಕಪಾಟಿನ ಕೆಳಗಿನ ಅರೆಯಲ್ಲಿ ಏನಿದೆಯೆಂದು ಶೈಲಾಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿರಬೇಕು ಎಂಬ ಅನುಮಾನ ಒಂದು ವರ್ಷದಿಂದ ಇತ್ತು. ಈಗ ಅನುಮಾನ ಉಳಿಯಲಿಲ್ಲ.

ಆ ಕಡತ ವಿಠೋಬಾ ಎಂಬವನದು. ಬನಹಟ್ಟಿಯ ನೇಕಾರರ ಮನೆಯ ಹುಡುಗ. ಸಾವಿರದ ಒಂಬೈನೂರಾ ಎಂಬತ್ತಾರರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದ. ಉಳಿದ ಪರೀಕ್ಷೆಗಳೆಲ್ಲ ಮುಗಿದು ಒಂದೇ ಬಾಕಿಯಿದ್ದಾಗ, ಅದರ ಹಿಂದಿನ ದಿನ ಹಾಸ್ಟೆಲಿನಲ್ಲಿ ಇತಿಹಾಸದ ಪ್ರಶ್ನೆಪತ್ರಿಕೆ ಸಿಕ್ಕಿತು. ಕದ್ದವನು ವಿಠೋಬಾ ಎಂದು ಅವನ ಕೋಣೆಯ ಗೆಳೆಯ ಹೇಳಿಕೆ ಕೊಟ್ಟ. ವಿಠೋಬಾನನ್ನು ಶಾಶ್ವತವಾಗಿ ಡಿಬಾರ್ ಮಾಡಿ ಊರಿಗೆ ಕಳಿಸಿದರು. ಹನ್ನೆರಡು ವರ್ಷದಿಂದ ಅವನು ಪ್ರತಿ ಜೂನ್ ತಿಂಗಳು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದ: ನನ್ನ ವಿಚಾರಣೆಯ ವರದಿಯ ಪ್ರತಿ ಕೊಡಿ. 'ತಾವು ಕೋರಿದ ಕಡತವು ಈ ಕಚೇರಿಯಲ್ಲಿ ಲಭ್ಯವಿಲ್ಲ' ಎಂದು ಪ್ರತಿ ವರ್ಷ ಉತ್ತರ ಹೋಗುತ್ತಿತ್ತು. ಟೈಪು ಮಾಡುತ್ತಿದ್ದವಳು ಶೈಲಾ. ಮೊದಮೊದಲು ಅದು ಸುಳ್ಳೆಂದು ಆಕೆಗೆ ಗೊತ್ತಿರಲಿಲ್ಲ.

ಹೋದ ವರ್ಷ ಗ್ರಂಥಕ್ಕೆಂದು ಹಳೆ ಕುಸ್ತಿ ತಂಡದ ಫೋಟೋ ಹುಡುಕುವಾಗ ಕ್ರೀಡಾ ವಿಭಾಗದ ಗಂಟಿನೊಳಗೆ ಆ ಕಡತ ಸಿಕ್ಕಿತು. ನಿಂತಲ್ಲೇ ಓದಿದಳು. ವಿಠೋಬಾನ ತಪ್ಪಿಲ್ಲ, ಡಿಬಾರ್ ಆದೇಶ ಹಿಂತೆಗೆಯಬೇಕು ಎಂದು ವಿಚಾರಣೆ ಮಾಡಿದವರು ಸ್ಪಷ್ಟವಾಗಿ ಬರೆದಿದ್ದರು. ಕೆಳಗೆ ಅಂದಿನ ಕುಲಪತಿಯ ಒಂದು ಸಾಲು: 'ಸದ್ಯ ತಡೆಹಿಡಿಯಿರಿ.' ಅದರ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದ ಒಂದು ಪುಟ. ಪ್ರಶ್ನೆಪತ್ರಿಕೆ ತಂದವನು ನಾನೇ, ಹೆದರಿ ಗೆಳೆಯನ ಹೆಸರು ಹೇಳಿದೆ ಎಂದು ಕೋಣೆಯ ಗೆಳೆಯ ಒಪ್ಪಿಕೊಂಡಿದ್ದ. ಹೆಸರು ಓದುವ ಮೊದಲೇ ಶೈಲಾ ಆ ಅಕ್ಷರ ಗುರುತಿಸಿದಳು. ಬಾಲ ಉದ್ದ ಎಳೆದ ಅದೇ 'ಳ'. ದಿನಾ ಫೈಲುಗಳ ಮೇಲೆ ನೋಡುತ್ತಿದ್ದ ಕೈಬರಹ. ಚನಮಲ್ಲಪ್ಪನವರದು.

ಕಡತವನ್ನು ಆರನೇ ಕಪಾಟಿನ ಕೆಳಗಿನ ಅರೆಯಲ್ಲಿ ಹಿಂದಕ್ಕೆ ಒತ್ತಿಟ್ಟು ಸುಮ್ಮನಾದಳು. ಅದಾಗಿ ವಾರದಲ್ಲೇ ಅವರು ಕೇಳಿದ್ದರು, "ಎಂಬತ್ತಾರರದು ಏನರ ಸಿಕ್ತೇನ್ರಿ?" ಇಲ್ಲವೆಂದಿದ್ದಳು. ನಾಲಿಗೆ ಇಲ್ಲವೆಂದರೂ ಮುಖ ಏನು ಹೇಳಿತೋ. ಆ ವರ್ಷದ ಜೂನ್‌ನಲ್ಲಿಯೂ, ಈ ಜೂನ್‌ನಲ್ಲಿಯೂ ಅದೇ ಉತ್ತರ ಟೈಪು ಮಾಡಿ ಕಳಿಸಿದಳು. ಆಕೆಯನ್ನು ಖಾಯಂ ಮಾಡುವ ಪ್ರಸ್ತಾವ ಕುಲಸಚಿವರ ಮೇಜಿನ ಮೇಲಿತ್ತು.

ಮೊದಲ ಖೇಪು ಹೋಯಿತು. ಎರಡನೆಯದು ತುಂಬುವಷ್ಟರಲ್ಲಿ ನೀರು ಹಿಂದಿನ ಬಾಗಿಲ ಸಂದಿಯಿಂದ ಒಳಗೆ ಹರಿದು ನೆಲವೆಲ್ಲ ಕೆಂಪಗಾಯಿತು. ಚನಮಲ್ಲಪ್ಪ ಜೀಪು ಹತ್ತಿದರು. "ಕೀಲಿ ಹಾಕ್ಕೊಂಡು ನೀವೂ ಬರ್ರಿ. ನಾ ಇದರ ಸಂಗಾಟ ಹೋಗಿ ಇಳಿಸಿಕೊಳ್ತೇನಿ."

ಜೀಪು ತಿರುವು ದಾಟುವವರೆಗೆ ಕಾದು ಶೈಲಾ ಟ್ರ್ಯಾಕ್ಟರಿನ ಹತ್ತಿರ ಓಡಿದಳು. "ಲಗಮಪ್ಪಾ, ಇವನ್ನ ಇಳಿಸಿ ಇನ್ನೊಂದ ಸಲ ಬರ್ತೀಯೇನು? ನನ್ನ ಸಲುವಾಗಿ."

ಲಗಮಪ್ಪ ರನ್ನ ಬೆಳಗಲಿಯವನು, ನೀರಿನ ಅಂದಾಜು ಬಲ್ಲವನು. ಹೊಳೆಯ ಕಡೆ ನೋಡಿದ. "ಒಂದ ತಾಸಿನಾಗ ಬಂದ್ರ ಬಂದ್ನಿ ಅಕ್ಕಾರ. ಇಲ್ಲಂದ್ರ ನೀವು ಮಾಳಿಗಿ ಹತ್ತಿ ಕುಂದರ್ರಿ, ಇಳೀಬ್ಯಾಡ್ರಿ."

ಆ ಒಂದು ತಾಸು ಶೈಲಾ ಒಬ್ಬಳೇ ದುಡಿದಳು. ಮೇಲಿನ ಅರೆಗಳ ಗಂಟುಗಳನ್ನು ಮೇಜಿನ ಮೇಲೆ, ಮೇಜು ತುಂಬಿದ ಮೇಲೆ ಮೆಟ್ಟಿಲ ಮೇಲೆ ಒಟ್ಟಿದಳು. ನೀರು ಪಾದ ಮುಳುಗಿಸಿತು, ಮೀನಖಂಡಕ್ಕೆ ಬಂತು. ಕೆಳಗಿನ ಎರಡು ಅರೆಗಳನ್ನು ಖಾಲಿ ಮಾಡುವ ಮೊದಲೇ ನೀರು ಅವುಗಳೊಳಗೆ ಹೊಕ್ಕಿತ್ತು. ತೊಯ್ದ ಕಾಗದ ಇಷ್ಟು ಭಾರ ಎಂದು ಆಕೆಗೆ ಗೊತ್ತಿರಲಿಲ್ಲ. ಗಂಟೊಂದನ್ನು ಎತ್ತಿದರೆ ಹಸಿ ಮಣ್ಣಿನ ಹೆಂಟೆ ಎತ್ತಿದಂತಾಗುತ್ತಿತ್ತು. ವಿಠೋಬಾನ ಕಡತವಿದ್ದ ಗಂಟು ಕೈಗೆ ಬಂದಾಗ ಅದನ್ನೊಂದೇ ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಬಿಡೋಣವೆನ್ನಿಸಿತು. ಉಳಿದ ನಾನೂರು ಗಂಟುಗಳಲ್ಲಿ ಇನ್ನೆಷ್ಟು ಮಂದಿಯ ಹೆಸರಿದೆಯೋ ಎಂದುಕೊಂಡು ಅದನ್ನೂ ರಾಶಿಯಲ್ಲಿಟ್ಟಳು.

ಲಗಮಪ್ಪ ಬಂದ. ಇಬ್ಬರೂ ಸೇರಿ ತುಂಬಿದರು. ನೀರು ತೊಡೆಗೆ ಬಂದಿತ್ತು. ಟ್ರ್ಯಾಕ್ಟರು ಗೇಟು ದಾಟಿ ತಿರುಗುವಾಗ ಟ್ರೇಲರಿನ ಎಡಗಾಲಿ ಕಾಣದ ಚರಂಡಿಗೆ ಇಳಿದು ಒಮ್ಮೆಲೇ ವಾಲಿತು. ಐದು ಗಂಟುಗಳು ಜಾರಿ ನೀರಿಗೆ ಬಿದ್ದವು. ಶೈಲಾ ಯೋಚಿಸಲಿಲ್ಲ, ಧುಮುಕಿದಳು. ಸೆಳೆತ ಕಾಲು ಕೀಳುತ್ತಿತ್ತು. ಒಂದು, ಎರಡು, ಮೂರು ಗಂಟು ಹಿಡಿದು ಮೇಲೆಸೆದಳು. ನಾಲ್ಕನೆಯದರ ದಾರ ಬೆರಳಿಗೆ ಸಿಕ್ಕಾಗ ನೀರು ಎದೆಯ ಮಟ್ಟಕ್ಕಿತ್ತು.

"ಬಿಡ್ರಿ ಅಕ್ಕಾರ! ಬಿಟ್ಟ ಮ್ಯಾಲ ಬರ್ರಿ! ಹೋದದ್ದ ಹೋಗಲಿ!" ಲಗಮಪ್ಪ ಕೂಗುತ್ತಿದ್ದ. ಆಕೆ ಬಿಡಲಿಲ್ಲ. ಅವನೇ ಇಳಿದು ಆಕೆಯ ರಟ್ಟೆ ಹಿಡಿದು ಟ್ರೇಲರಿಗೆ ಎಳೆದುಹಾಕಿದ. ಎಂಜಿನ್ನು ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹಿಡಿಯಿತು. ಗಾಲಿ ಚರಂಡಿಯಿಂದ ಎದ್ದಿತು. ಹಿಂದಿರುಗಿ ನೋಡಿದಾಗ ಒಂದು ಗಂಟು ತೇಲುತ್ತ ಕಾಂಪೌಂಡು ದಾಟಿ ಹೊಳೆಯ ಕಡೆ ಹೋಗುತ್ತಿತ್ತು. ಯಾವುದೆಂದು ತಿಳಿಯಲಿಲ್ಲ.

ಎತ್ತರದ ರಸ್ತೆಗೆ ಬಂದು ನಿಂತರು. ಎಲ್ಲಿಗೆ ಒಯ್ಯುವುದು? ಹೊಸ ಕಟ್ಟಡದ ಸಭಾಂಗಣದಲ್ಲಿ ಹೊಳೆಸಾಲಿನ ಜನ, ದನಕರು, ಗಂಜಿಯ ಕೊಪ್ಪರಿಗೆ. ಅಲ್ಲಿ ಚನಮಲ್ಲಪ್ಪನವರೂ ಇದ್ದರು. ಇತ್ತ ತೊಯ್ದ ಕಾಗದ ಎರಡು ದಿನ ಹಾಗೇ ಬಿದ್ದರೆ ಬೂಸು ಹಿಡಿದು ಹಿಟ್ಟಾಗುತ್ತದೆ. ಮಳೆ ನಿಂತಿರಲಿಲ್ಲ, ಬಿಸಿಲಿನ ಮಾತೇ ಇಲ್ಲ. ದೊಡ್ಡ ಜಾಗ ಬೇಕು, ಸೂರು ಬೇಕು, ಹಗ್ಗ ಬೇಕು, ನೀರು ಹೀರುವ ಬಟ್ಟೆ ಬೇಕು. ಇಷ್ಟೂ ಒಂದೇ ಕಡೆ ಎಲ್ಲಿ ಸಿಗುತ್ತದೆ ಎಂದು ಯೋಚಿಸುವಾಗ ಮಗ್ಗದ ಮನೆ ನೆನಪಾಯಿತು. ಮಗ್ಗದ ಮನೆಯೆಂದರೆ ಆಕೆಗೆ ಗೊತ್ತಿದ್ದದ್ದು ಒಂದೇ ವಿಳಾಸ. ಹನ್ನೊಂದು ಸಲ ಲಕೋಟೆಯ ಮೇಲೆ ಟೈಪು ಮಾಡಿದ ವಿಳಾಸ. ಅರ್ಜಿಯ ಕೆಳಗಿದ್ದ ಫೋನ್ ನಂಬರೂ ಬಾಯಿಪಾಠವಾಗಿತ್ತು.

ಟ್ರ್ಯಾಕ್ಟರಿನ ಸೀಟಿನ ಬಳಿ ಇಟ್ಟಿದ್ದ ಚೀಲದಿಂದ ಫೋನು ತೆಗೆದು ಮಾಡಿದಳು. ಎತ್ತಿದ ದನಿ ಗಟ್ಟಿಯಾಗಿತ್ತು. ಶೈಲಾ ತಾನು ಯಾರೆಂದು ಹೇಳಿದಳು.

"ಲಭ್ಯವಿಲ್ಲ ಅಂತ ಬರೀತಾರಲ್ಲ, ಆ ಆಫೀಸಿನವರೇನ್ರಿ?"

"ಹೂನ್ರಿ ಕಾಕಾ. ಹೊಳಿ ಬಂದು ಕಾಗದ ಎಲ್ಲಾ ತೊಯ್ದಾವು. ಒಣಗಸಾಕ ಜಾಗಾ ಬೇಕಾಗಿತ್ತು. ನಿಮ್ಮನ್ನ ಕೇಳಾಕ ನನಗ ಮುಖ ಇಲ್ಲ, ಖರೆ. ಆದ್ರೂ ಕೇಳಾಕತ್ತೇನಿ."

ಆ ಕಡೆಯಿಂದ ಬಂದ ಪ್ರಶ್ನೆ ಇಷ್ಟೇ: "ಎಷ್ಟ ಅದಾವು?"

"ಒಂದ ಟ್ರೇಲರು."

"ತಗೊಂಡ ಬರ್ರಿ. ಮಹಾಲಿಂಗಪುರದ ಮ್ಯಾಲ ಬರ್ರಿ, ಆ ರಸ್ತೆ ಇನ್ನಾ ಛಲೋ ಐತಿ."

ಬನಹಟ್ಟಿ ಮುಟ್ಟಿದಾಗ ನಾಲ್ಕು ಗಂಟೆ. ವಿಠೋಬಾ ಐವತ್ತೊಂಬತ್ತರ ತೆಳ್ಳನೆಯ ಮನುಷ್ಯ, ಕಣ್ಣಿಗೆ ದಪ್ಪ ಕನ್ನಡಕ. ಏನೂ ಕೇಳದೆ ಟ್ರೇಲರಿನ ತಾಡಪಾಲು ಎತ್ತಿ ನೋಡಿ, ಒಳಗೆ ತಿರುಗಿ ಕೂಗಿದ. ಹೆಂಡತಿ ಲಕ್ಷ್ಮವ್ವ, ಸೊಸೆ ಶ್ರೀದೇವಿ ಬಂದರು. ಅಕ್ಕಪಕ್ಕದ ಮಗ್ಗದವರೂ ಬಂದರು. ಕರೆಂಟು ಹೋಗಿ ಆರು ವಿದ್ಯುತ್ ಮಗ್ಗಗಳೂ ನಿಂತಿದ್ದವು. ವಿಠೋಬಾ ಜನರೇಟರು ಹಚ್ಚಿ ಮಗ್ಗದ ಬದಲು ಎಲ್ಲ ಪಂಖಾ ಓಡಿಸಿದ. ಬಣ್ಣ ಹಾಕಿದ ನೂಲು ಒಣಹಾಕುವ ಹಗ್ಗಗಳನ್ನು ಸೂರಿನುದ್ದಕ್ಕೂ ಕಟ್ಟಿಸಿದ. ಲಕ್ಷ್ಮವ್ವ ಒಳಗಿಂದ ಬಣ್ಣ ಹಾಕದ ಕೋರಾ ಬಟ್ಟೆಯ ತಾನುಗಳನ್ನು ತಂದು ಹಾಸಿದಳು.

ಶೈಲಾ ತೋರಿಸಿಕೊಟ್ಟಳು. ಗಂಟು ಬಿಚ್ಚಬೇಕು, ಹಾಳೆಗಳನ್ನು ಎಳೆಯಬಾರದು. ಬಟ್ಟೆಯ ಎರಡು ಪದರದ ನಡುವೆ ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಬೇಕು. ನೀರು ಬಟ್ಟೆಗೆ ಹೋದ ಮೇಲೆ ಒಂದೊಂದೇ ಹಾಳೆ ಬಿಡಿಸಿ ಹಗ್ಗಕ್ಕೆ ಹಾಕಬೇಕು. ಹೆಂಗಸರ ಕೈ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಎಳೆ ಹರಿಯದಂತೆ ನೂಲು ಬಿಡಿಸಿ ರೂಢಿಯಾದ ಬೆರಳುಗಳು ಹಾಳೆಯ ಅಂಚನ್ನೂ ಹರಿಯಗೊಡಲಿಲ್ಲ. ಶಾಯಿಯ ಅಕ್ಷರಗಳು ಕರಗಿ ನೀಲಿ ಕಲೆಗಳಾಗಿದ್ದವು. ಟೈಪಿನವು, ಬಾಲ್ ಪೆನ್ನಿನವು ಉಳಿದಿದ್ದವು.

ವಿಠೋಬಾನ ಗಂಟನ್ನು ಶೈಲಾ ತಾನೇ ಬಿಚ್ಚಬೇಕೆಂದು ಮೂಲೆಯಲ್ಲಿಟ್ಟಿದ್ದಳು. ಹೇಳಬೇಕು, ಈಗ ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಹೇಳಲಾಗಲಿಲ್ಲ. ಗಂಡ ಗೌರೀಶನಿಗೆ ಫೋನು ಮಾಡಿ ರಾತ್ರಿ ಲಕ್ಷ್ಮವ್ವನ ಮನೆಯಲ್ಲೇ ಉಳಿದಳು.

ಮರುದಿನ ಹತ್ತರ ಹೊತ್ತಿಗೆ ಚನಮಲ್ಲಪ್ಪನವರ ಫೋನು ಬಂತು.

"ಎಲ್ಲಿ ಅದೀರಿ? ಹಾನಿ ಪಟ್ಟಿ ತಯಾರ್ ಐತಿ, ನಿಮ್ಮ ಸಹಿ ಒಂದ ಬೇಕು. ಆರನೇ ಕಪಾಟ ಪೂರ್ತಿ ನಾಶ ಅಂತ ಬರದೇವಿ."

"ಅದು ನಾಶ ಆಗಿಲ್ರಿ ಸರ್. ಬನಹಟ್ಟಿಯೊಳಗ ಐತಿ."

"ಬನಹಟ್ಟಿಯಾಗ?" ದನಿ ಕೆಳಗಿಳಿಯಿತು. "ಬನಹಟ್ಟಿಯಾಗ ಎಲ್ಲಿ?"

ಆಕೆ ಉತ್ತರ ಕೊಡುವ ಮೊದಲೇ ಮಗ್ಗದ ಮನೆಯ ಆ ಕಡೆಯಿಂದ ಯಾವ ಸದ್ದೂ ಇಲ್ಲದ್ದು ಗೊತ್ತಾಯಿತು. ಜನ ಮಾತು ನಿಲ್ಲಿಸಿದ್ದರು. ಶ್ರೀದೇವಿ ಮೂಲೆಯ ಗಂಟನ್ನು ಉಳಿದವುಗಳಂತೆ ಬಿಚ್ಚಿ ಮಾವನ ಕೈಗೆ ಹಾಳೆ ಕೊಟ್ಟಿದ್ದಳು. ವಿಠೋಬಾ ಹಾಳೆಯೊಂದನ್ನು ಕನ್ನಡಕದ ಹತ್ತಿರ ಹಿಡಿದು ನಿಂತಿದ್ದ. ಅದು ಅವನ ಇಪ್ಪತ್ತೊಂದನೇ ವಯಸ್ಸಿನ ಮನವಿ. ಕೆಳಗೆ ಅವನದೇ ಸಹಿ.

ಶೈಲಾ ಫೋನು ಕಟ್ ಮಾಡಿದಳು.

ಅವನು ಒಂದೊಂದೇ ಹಾಳೆ ಓದಿದ. ವರದಿ ಓದಿದ, ಬಾಲ್ ಪೆನ್ನಿನ ಪುಟ ಎರಡು ಸಲ ಓದಿದ. ಅವಸರ ಮಾಡಲಿಲ್ಲ. ಓದಿದ ಹಾಳೆಗಳನ್ನು ಕೋರಾ ಬಟ್ಟೆಯ ಮೇಲೆ ಸಾಲಾಗಿ ಹಾಸಿ ಶೈಲಾಳ ಕಡೆ ತಿರುಗಿದ.

"ನಿಮಗ ಗೊತ್ತಿತ್ತೇನ್ರಿ ಇದು?"

"ಗೊತ್ತಿತ್ರಿ."

"ಯಾವಾಗಿಂದ?"

"ಹೋದ ವರ್ಷದಿಂದ."

"ಅಂದ್ರ ಈ ಜೂನ್‌ದಾಗ ಬರದದ್ದು..."

"ಸುಳ್ಳ ಬರದ್ನಿ ಕಾಕಾ. ಗೊತ್ತಿದ್ದ ಸುಳ್ಳ ಬರದ್ನಿ. ಹೋದ ವರ್ಷನೂ ಬರದ್ನಿ. ನೌಕರಿ ಹೋಗತೈತಿ ಅಂತ ಅಂಜಿದ್ನಿ."

ಲಕ್ಷ್ಮವ್ವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಎದ್ದಳು. "ನಮ್ಮತ್ತಿ ಸಾಯೂ ತನಕ ಮಗಾ ಕಳ್ಳ ಅಂತ ಓಣ್ಯಾಗ ತಲಿ ಎತ್ತಲಿಲ್ಲ. ನಮ್ಮ ಮನ್ಯಾಗ ಉಂಡೀರಿ ನಿನ್ನಿ. ಉಣ್ಣುವಾಗರ ಹೇಳಬೇಕಿತ್ತಲ್ಲ ಬೇ ನೀ!"

ನಿಂತಲ್ಲೇ ಶೈಲಾಳ ಕಣ್ಣೀರು ಹರಿಯಿತು. ಒರೆಸಿಕೊಳ್ಳಲೂ ನಾಚಿಕೆಯಾಯಿತು. ವಿಠೋಬಾ ಹೊರಗಿನ ಕಟ್ಟೆಗೆ ಹೋಗಿ ಕುಳಿತ. ಅರ್ಧ ತಾಸು ಹಾಗೇ ಕುಳಿತಿದ್ದ. ಯಾರೂ ಅವನ ಹತ್ತಿರ ಹೋಗಲಿಲ್ಲ. ಆಮೇಲೆ ತಾನೇ ಎದ್ದು ಬಂದು, "ಉಳಿದ ಗಂಟ ಬಿಚ್ಚರಿ, ಬೂಸ ಹಿಡದಾವು" ಎಂದ. ಶೈಲಾಳ ಜೊತೆ ಮಾತಾಡಲಿಲ್ಲ. ಆದರೆ ಆಕೆ ಒತ್ತಿಟ್ಟ ಹಾಳೆಗಳನ್ನು ತೆಗೆದುಕೊಂಡು ಹಗ್ಗಕ್ಕೆ ಹಾಕುತ್ತ ಹೋದ.

ಅರ್ಜಿಯ ಮೇಲಿದ್ದ ವಿಳಾಸ ಹಿಡಿದು ಚನಮಲ್ಲಪ್ಪ ಮಧ್ಯಾಹ್ನ ಎರಡಕ್ಕೆ ಬಂದರು. ಜೀಪಿನ ಚಾಲಕನನ್ನು ಹೊರಗೇ ನಿಲ್ಲಿಸಿ ಒಬ್ಬರೇ ಒಳಗೆ ಬಂದರು. ಮಗ್ಗಗಳ ಮೇಲೆ, ತಲೆಯ ಮೇಲೆ, ಎಲ್ಲೆಲ್ಲೂ ಕಾಗದ ಗಾಳಿಗೆ ಅಲ್ಲಾಡುತ್ತಿತ್ತು. ತಲೆ ಬಗ್ಗಿಸಿ ಹಾಳೆಗಳ ಅಡಿಯಿಂದ ಬಂದವರು ಎದುರಿಗೆ ನಿಂತವನನ್ನು ನೋಡಿ ಅಲ್ಲೇ ನಿಂತರು. ಮೂವತ್ತೆಂಟು ವರ್ಷದ ನಂತರ ಇಬ್ಬರೂ ಒಂದೇ ಸೂರಿನ ಕೆಳಗೆ ನಿಂತಿದ್ದರು.

"ಬಾ ಚನಮಲ್ಲ," ಎಂದ ವಿಠೋಬಾ. "ಕುಂದ್ರು."

ಚನಮಲ್ಲಪ್ಪ ಕೂರಲಿಲ್ಲ. ಶೈಲಾಳ ಕಡೆ ತಿರುಗಿ ಚೀಲದಿಂದ ಪಟ್ಟಿ ತೆಗೆದರು. "ವಿಶ್ವವಿದ್ಯಾಲಯದ ದಾಖಲಿ ಖಾಸಗಿ ಮನಿಗಿ ತಂದೀರಿ. ಇದು ಎಷ್ಟ ದೊಡ್ಡ ತಪ್ಪು ಅಂತ ಗೊತ್ತೈತೇನ್ರಿ? ನಾ ಒಂದ ಮಾತ ಬರದ್ರ ಪೊಲೀಸ ಕೇಸ್ ಆಕ್ಕೈತಿ. ಈಗರ ಇದಕ್ಕ ಸಹಿ ಮಾಡ್ರಿ. ಉಳಿದದ್ದ ನಾ ನೋಡಕೋತೇನಿ. ನಿಮ್ಮ ಖಾಯಂ ಆಗೂ ಫೈಲ ನನ್ನ ಟೇಬಲ್ ಮ್ಯಾಲ ಐತಿ, ಮರೀಬ್ಯಾಡ್ರಿ."

"ಆಕಿನ್ನ ಯಾಕ ಹೆದರಸ್ತಿ?" ವಿಠೋಬಾ ಎಂದ. "ನನ್ನ ಸಂಗಾಟ ಮಾತಾಡು."

"ಏನ್ ಮಾತಾಡ್ಲಿ ವಿಠ್ಯಾ? ನನಗ ಇಪ್ಪತ್ತೊಂದ ವರ್ಷ. ನಮ್ಮಪ್ಪಗ ಗೊತ್ತಾಗಿದ್ರ ಕೊಂದಹಾಕ್ತಿದ್ದ. ಆದ್ರೂ ನಾ ಬರದಕೊಟ್ಟೇನಿ, ನೋಡೀದಿ ಹೌದಿಲ್ಲ? ನಾನ ಅಂತ ಬರದಕೊಟ್ಟೇನಿ. ಹೊಸಾ ವಿಶ್ವವಿದ್ಯಾಲಯ, ಹೆಸರ ಕೆಡತೈತಿ ಅಂತ ಅವರು ಮುಚ್ಚಿಟ್ರು. ಅದು ನನ್ನ ಕೈಯಾಗ ಇರಲಿಲ್ಲ."

"ಅವಾಗ ಇರಲಿಲ್ಲ, ಒಪ್ಪಿದ್ನಿ. ನೀ ಕುಲಸಚಿವ ಆಗಿ ನಾಕ ವರ್ಷ ಆತು. ನನ್ನ ಅರ್ಜಿ ನಾಕ ಸಲ ನಿನ್ನ ಟೇಬಲ್ಲಿಗಿ ಬಂತು. ಅದರಾಗ ನನ್ನ ಹೆಸರಿತ್ತು. ಓದಿದ್ದಿಲ್ಲೇನು?"

ಚನಮಲ್ಲಪ್ಪ ದನಿ ತಗ್ಗಿಸಿ ಹೇಳಿದರು, "ಇನ್ನ ನಾಕ ತಿಂಗಳಿಗಿ ನಾ ರಿಟಾಯರ್ ಆಕ್ಕೇನಿ. ನೀನೂ ಮಗನ ಲಗ್ನಾ ಮಾಡೀದಿ, ಮಗ್ಗಾ ಅದಾವು, ಸಂಸಾರ ಛಲೋ ನಡದೈತಿ. ಈಗ ಈ ಕಾಗದ ತಗೊಂಡ ಏನ್ ಮಾಡ್ತಿ? ಏನ್ ಬೇಕ ನಿನಗ, ಹೇಳು."

"ಒಂದ ಪೇಪರ್ ಉಳದೈತಿ. ಇತಿಹಾಸದ್ದು. ಪರೀಕ್ಷಾಕ ಕುಂದ್ರಬೇಕು."

ಯಾರೂ ನಗಲಿಲ್ಲ. ಚನಮಲ್ಲಪ್ಪ ತಮ್ಮ ಹಳೆಯ ಗೆಳೆಯನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅವರ ಕಣ್ಣು ಒಮ್ಮೆ ಕೋರಾ ಬಟ್ಟೆಯ ಮೇಲೆ ಹಾಸಿದ ಹಾಳೆಗಳತ್ತ ಹೋಯಿತು. ತಮ್ಮ ಅಕ್ಷರ ಅವರಿಗೂ ಕಂಡಿತು. ಎರಡು ಹೆಜ್ಜೆ ಇಟ್ಟರೆ ಕೈಗೆ ಸಿಗುವಂತಿತ್ತು. ಅವರು ಒಂದು ಹೆಜ್ಜೆ ಇಟ್ಟರು ಕೂಡ.

ಶೈಲಾ ನಡುವೆ ಬಂದು ನಿಂತಳು. "ಆ ಪಟ್ಟಿ ಕೊಡ್ರಿ ಸರ್."

ಪಟ್ಟಿ ತೆಗೆದುಕೊಂಡು ಮಗ್ಗದ ಹಲಗೆಯ ಮೇಲಿಟ್ಟು 'ಆರನೇ ಕಪಾಟು: ಪೂರ್ಣ ನಾಶ' ಎಂಬ ಸಾಲನ್ನು ಅಡ್ಡಗೆರೆ ಎಳೆದು ಹೊಡೆದಳು. ಪಕ್ಕದಲ್ಲಿ ಬರೆದಳು: 'ನಾನೂರ ಹನ್ನೆರಡು ಗಂಟುಗಳಲ್ಲಿ ನಾನೂರ ಹನ್ನೊಂದು ಸುರಕ್ಷಿತ. ಬನಹಟ್ಟಿಯಲ್ಲಿ ಒಣಗುತ್ತಿವೆ. ಒಂದು ಹೊಳೆಯಲ್ಲಿ ಹೋಗಿದೆ, ಯಾವುದೆಂದು ತಾಳೆ ನೋಡಿ ತಿಳಿಸುತ್ತೇನೆ.' ಸಹಿ ಹಾಕಿ, ತಾರೀಖು ಬರೆದು, "ಶ್ರೀದೇವಿ, ಇದರ ಫೋಟೋ ತಗಿಯವ್ವಾ, ಆ ಹಾಳಿಗಳದ್ದೂ" ಎಂದಳು. ಫೋಟೋಗಳು ತನ್ನ ಫೋನಿಗೆ ಬಂದೊಡನೆ ಕುಲಪತಿಗಳಿಗೆ, ಸಿಂಡಿಕೇಟಿನ ಸದಸ್ಯರಿಗೆ ಕಳಿಸಿದಳು. ಆಮೇಲೆಯೇ ಪಟ್ಟಿಯನ್ನು ಹಿಂದಿರುಗಿಸಿದಳು.

ಚನಮಲ್ಲಪ್ಪ ಅದನ್ನು ಓದಿ, ಮಡಚಿ ಚೀಲದಲ್ಲಿಟ್ಟುಕೊಂಡು, ಹಾಳೆಗಳ ಅಡಿಯಿಂದ ಬಗ್ಗಿ ಹೊರಟುಹೋದರು. ಜೀಪು ಸ್ಟಾರ್ಟ್ ಆಗುವ ಸದ್ದು ಬಹಳ ಹೊತ್ತು ಬರಲಿಲ್ಲ.

ವಿಠೋಬಾ ಆಗ ಶೈಲಾಳ ಜೊತೆ ಮಾತಾಡಿದ. "ನಿಮ್ಮ ನೌಕರಿ ಹೋತಲ್ಲ ತಂಗಿ."

"ಹೋತ್ರಿ" ಎಂದಳು. ಅಂದ ಮೇಲೆಯೇ ಆಕೆಗೆ ಹೆದರಿಕೆ ಹತ್ತಿದ್ದು.

ನೌಕರಿ ಹೋಯಿತು, ಖರೆ. ಸೆಪ್ಟೆಂಬರಿನಲ್ಲಿ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಎರಡು ಸಾಲಿನ ಪತ್ರ ಬಂತು. ಐದು ತಿಂಗಳು ಲೋಕಾಪುರದಲ್ಲಿ ಗೌರೀಶನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತಳು. 'ನಿನಗ್ಯಾಕ ಬೇಕಿತ್ತು' ಎಂದು ನೆಂಟರು ಎದುರಿಗೇ ಅಂದರು. ಗೌರೀಶ ಒಮ್ಮೆಯೂ ಅನ್ನಲಿಲ್ಲ. ಆದರೆ ಪ್ರತಿ ತಿಂಗಳ ಕೊನೆಗೆ ಅವನು ಸುಮ್ಮನಾಗಿಬಿಡುತ್ತಿದ್ದ. ಅದು ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು. ಅತ್ತ ಸಿಂಡಿಕೇಟು ಮೂರು ಸಲ ಸೇರಿ ಮೂರು ಸಲವೂ ವಿಷಯ ಮುಂದೂಡಿತು. ಕಡೆಗೆ ಸಮಿತಿಯಾಯಿತು. ಚನಮಲ್ಲಪ್ಪ ರಜೆ ಹಾಕಿದರು. ನಿವೃತ್ತಿಯ ಹಿಂದಿನ ದಿನ ಸಮಿತಿಯ ಮುಂದೆ ಬಂದು, ಯಾರೂ ಒತ್ತಾಯ ಮಾಡದೆ, ಎರಡು ಪುಟ ಬರೆದುಕೊಟ್ಟರಂತೆ. ಅದರಲ್ಲಿ ಶೈಲಾಳದು ಏನೂ ತಪ್ಪಿಲ್ಲವೆಂಬ ಸಾಲೂ ಇತ್ತೆಂದು ಆಮೇಲೆ ತಿಳಿಯಿತು. ಯಾಕೆ ಬರೆದರೋ, ಯಾರೂ ಅವರನ್ನು ಕೇಳಲಿಲ್ಲ. ಅವರು ಬೀಳಗಿಯ ಕಡೆ ತಮ್ಮ ಊರಿಗೆ ಹೋದರು.

ಫೆಬ್ರವರಿಯಲ್ಲಿ ಶೈಲಾಳನ್ನು ಮತ್ತೆ ಕರೆದರು, ಗುತ್ತಿಗೆಯ ಮೇಲೆಯೇ. ಮಾರ್ಚಿನಲ್ಲಿ ವಿಠೋಬಾನ ಡಿಬಾರ್ ಆದೇಶ ರದ್ದಾಯಿತು. ಆ ಆದೇಶದ ಪ್ರತಿಯನ್ನು ಅಂಚೆಗೆ ಹಾಕುವ ಬದಲು ಶೈಲಾ ತಾನೇ ಬನಹಟ್ಟಿಗೆ ಒಯ್ದು ಕೊಟ್ಟಳು. ಲಕ್ಷ್ಮವ್ವ ಅದನ್ನು ಓದಿಸಿ ಕೇಳಿ, ದೇವರ ಜಗಲಿಯ ಮೇಲಿಟ್ಟು, ಒಂದು ತಾಟು ಊಟ ತಂದು ಶೈಲಾಳ ಮುಂದಿಟ್ಟಳು. "ಉಣ್ಣು" ಎಂದಳು, ಅಷ್ಟೇ.

ಸುವರ್ಣ ಮಹೋತ್ಸವದ ಗ್ರಂಥ ಅಚ್ಚಾಯಿತು. ಎಂಬತ್ತಾರರ ಆ ಸಂಗತಿಗೆ ಅದರಲ್ಲಿ ಜಾಗವಿರಲಿಲ್ಲ.

ಮೇ ತಿಂಗಳಲ್ಲಿ ಜಮಖಂಡಿಯ ಪರೀಕ್ಷಾ ಕೇಂದ್ರದಲ್ಲಿ ವಿಠೋಬಾ ತನ್ನ ಮಗನಿಗಿಂತ ಚಿಕ್ಕವರ ನಡುವೆ ಕುಳಿತು ಮೂರು ತಾಸು ಬರೆದ. ಮೇಲ್ವಿಚಾರಕರು ಮೊದಲು ಅವನನ್ನು ಯಾರದೋ ಪಾಲಕನೆಂದು ತಿಳಿದು ಹೊರಗೆ ಹೋಗೆಂದರಂತೆ.

ಜೂನ್ ಕೊನೆಗೆ ಫಲಿತಾಂಶ ಬಂದ ದಿನ ಶೈಲಾಳ ಫೋನು ಬಡಿಯಿತು.

"ತಂಗಿ, ನಾ ಫೇಲ್ ಆಗೇನಿ."

"ಎಷ್ಟ್ರಾಗ ಹೋತ್ರಿ ಕಾಕಾ?"

"ನಾಕ ಮಾರ್ಕ್ಸ್. ಸಿಲಬಸ್ಸ ಎಲ್ಲಾ ಬದಲಾಗೈತಿ. ನಾ ಓದಿದ್ದ ಒಂದು, ಅವರು ಕೇಳಿದ್ದ ಒಂದು." ದನಿಯಲ್ಲಿ ದುಃಖವಿರಲಿಲ್ಲ, ಹಿಂದೆ ಮಗ್ಗಗಳ ಸದ್ದು ಜೋರಾಗಿತ್ತು. "ಮುಂದಿನ ಪರೀಕ್ಷಾ ಯಾವಾಗ ಐತಿ? ಫಾರ್ಮ್ ತುಂಬೂ ತಾರೀಖ ಹೇಳ್ರಿ, ಬರಕೋತೇನಿ."

ಶೈಲಾ ಕ್ಯಾಲೆಂಡರಿನ ಹತ್ತಿರ ಹೋಗಿ ತಾರೀಖು ನೋಡಿ ಹೇಳಿದಳು. ಬರೆದುಕೊಳ್ಳುವವರೆಗೆ ಕಾದಳು. ತಪ್ಪಾಗಬಾರದೆಂದು ಇನ್ನೊಮ್ಮೆ ಹೇಳಿದಳು.